ಹತ್ತು ಸಾವಿರ ಆದಮೇಲೆ ಏನು?

ಭಾನುವಾರ ಬೆಳಕು ಹರಿಯುವ ಮೊದಲೇ ನಂದಿಬೆಟ್ಟದ ಬುಡದಲ್ಲಿ ಬೈಕುಗಳ ಸಾಲು. ಸಂಜೆಯಾದರೆ ಚಿಕ್ಕಬಳ್ಳಾಪುರದ ಆವಲಗುರ್ಕಿಯಲ್ಲಿ ಆದಿಯೋಗಿಯ ಮುಂದೆ ಮೊಬೈಲುಗಳ ಸಾಲು. ನೋಡಲು ಬಂದವರು ಕೆಲವರು, ನೋಡಿಸಿಕೊಳ್ಳಲು ಬಂದವರು ಹಲವರು. ಅಲ್ಲಿ ರೀಲ್ಸ್ ಮಾಡುತ್ತಿರುವ ಹುಡುಗನೊಬ್ಬನನ್ನು ‘ಯಾಕಪ್ಪಾ ಇದೆಲ್ಲ?’ ಎಂದು ಕೇಳಿ. ‘ಫಾಲೋವರ್ಸ್ ಬರ್ಲಿ ಅಂತ’ ಎನ್ನುತ್ತಾನೆ. ಬಂದಮೇಲೆ? ‘ಹತ್ತು ಸಾವ್ರ ಆಗ್ಲಿ ಬಿಡಿ, ಆಮೇಲೆ ನೋಡೋಣ.’ ಆ ‘ಆಮೇಲೆ’ಗೆ ಹೆಚ್ಚಿನವರ ಬಳಿ ಉತ್ತರವಿಲ್ಲ. ಹತ್ತು ಸಾವಿರ ಮುಟ್ಟಿದ ದಿನವೇ ಐವತ್ತು ಸಾವಿರದ ಆಸೆ ಹುಟ್ಟಿರುತ್ತದೆ.

ಹಾಗೆಂದು ಜಾಲತಾಣವನ್ನೇ ಬಿಟ್ಟುಬಿಡಿ ಎನ್ನುವುದು ಸುಲಭದ ಉಪದೇಶ. ಚಿಂತಾಮಣಿಯಲ್ಲಿ ಟೊಮೆಟೊ ಸಸಿ ಮಾರುವ ನರ್ಸರಿಯವರಿಗೆ, ಶಿಡ್ಲಘಟ್ಟದಲ್ಲಿ ರೇಷ್ಮೆಯ ಚಾಕಿ (ಎಳೆಯ) ಹುಳು ಸಾಕಿ ಕೊಡುವವರಿಗೆ ಗಿರಾಕಿಯನ್ನು ತಲುಪಲು ಮೊಬೈಲಿಗಿಂತ ಅಗ್ಗದ ದಾರಿ ಇಲ್ಲ. ಮನೆಯಲ್ಲಿ ಯಾರೂ ಕೇಳಿಸಿಕೊಳ್ಳದ ಹುಡುಗಿಯ ಹಾಡನ್ನು ನೂರು ಜನ ಕೇಳಿದರೆ ಅದೂ ಸಣ್ಣ ಮಾತಲ್ಲ. ನಾಲ್ಕು ಜನ ನಮ್ಮನ್ನು ಗುರುತಿಸಲಿ ಎಂಬ ಆಸೆಯಲ್ಲಿ ತಪ್ಪೇನಿದೆ? ತೊಂದರೆ ಶುರುವಾಗುವುದು, ಯಾತಕ್ಕೆಂದು ತಿಳಿಯದೆ ಎಷ್ಟೆಂದು ಮಾತ್ರ ಎಣಿಸತೊಡಗಿದಾಗ.

ತೂಕ ಒಂದೇ ಲೆಕ್ಕವಲ್ಲ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಂದೇ ತೂಕದ ಎರಡು ಲಾಟುಗಳಿಗೆ ಒಂದೇ ದರ ಸಿಗುವುದಿಲ್ಲ. ನೂಲು ತೆಗೆಯುವ ರೀಲರ್ ಗೂಡನ್ನು ಕೈಗೆತ್ತಿಕೊಂಡು, ಒತ್ತಿ ನೋಡಿ, ನೂಲೆಷ್ಟು ಬಂದೀತೆಂದು ಅಂದಾಜು ಮಾಡಿಯೇ ದರ ಹಾಕುವುದು. ಒಂದು ಕೆ.ಜಿ. ಕಚ್ಚಾ ರೇಷ್ಮೆ ತೆಗೆಯಲು ಎಷ್ಟು ಕೆ.ಜಿ. ಗೂಡು ಬೇಕೆಂಬ ಲೆಕ್ಕಕ್ಕೆ ರೆಂಡಿಟ್ಟ ಎನ್ನುತ್ತಾರೆ. ಅದು ಕಡಿಮೆಯಾದಷ್ಟೂ ಗೂಡು ಮೇಲ್ದರ್ಜೆಯದು. ನಮ್ಮ ಖಾತೆಗಳಿಗೂ ಇಂಥದ್ದೊಂದು ಲೆಕ್ಕ ಬೇಕು. ಒಬ್ಬರಿಗೆ ನಿಜವಾಗಿ ಉಪಯೋಗವಾಗಲು ಎಷ್ಟು ಸಾವಿರ ಫಾಲೋವರ್ಸ್ ಬೇಕಾಯಿತು?

ಚಿಂತಾಮಣಿಯ ಒಬ್ಬ ನರ್ಸರಿಯವನು ಸಿನಿಮಾ ಹಾಡಿಗೆ ಹೆಜ್ಜೆ ಹಾಕಿದ ವಿಡಿಯೊ ಓಡಿತು ಎಂದುಕೊಳ್ಳಿ. ಗಡಿಯಾಚೆಯ ಮದನಪಲ್ಲಿಯಿಂದ ಹೈದರಾಬಾದಿನವರೆಗೂ ಜನ ಹಿಂಬಾಲಿಸುತ್ತಾರೆ. ಅವರಲ್ಲಿ ಸಸಿ ಕೊಳ್ಳುವವರೆಷ್ಟು? ಅವನಿಗೆ ಬೇಕಿರುವುದು ಸುತ್ತಮುತ್ತಲಿನ ಕೆಲವೇ ನೂರು ರೈತರು. ಆದರೆ ಆ್ಯಪಿಗೆ ಅದು ಬೇಕಿಲ್ಲ. ಜನರ ಬೆರಳು ಎಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೋ ಅದನ್ನೇ ಅದು ಮುಂದೆ ತಳ್ಳುತ್ತದೆ. ಸಸಿಯ ರೋಗದ ಬಗ್ಗೆ ಹೇಳಿದರೆ ಇಳಿಯುವ, ಕುಣಿದರೆ ಏರುವ ಸಂಖ್ಯೆಯನ್ನು ದಿನಾ ನೋಡುತ್ತಾ ನರ್ಸರಿಯವನು ಕ್ರಮೇಣ ಕುಣಿತಗಾರನಾಗುತ್ತಾನೆ. ಅದು ಅವನ ಆಯ್ಕೆಯಾಗಿದ್ದರೆ ಸರಿ. ಗೊತ್ತಿಲ್ಲದೆ ಆಗಿದ್ದರೆ ನಷ್ಟ.

ಕೂಡಿಟ್ಟ ಸಂಖ್ಯೆಯಾದರೂ ನಮ್ಮದೇ? 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್‌ನಲ್ಲಿ ಲಕ್ಷಗಟ್ಟಲೆ ಫಾಲೋವರ್ಸ್ ಇದ್ದವರು ಕೆಲವೇ ದಿನಗಳಲ್ಲಿ ಬರಿಗೈಯಾದರು. ಕೈಯಲ್ಲೊಂದು ವಿದ್ಯೆ ಇದ್ದವರು ಬೇರೆ ಕಡೆ ಹೋಗಿ ಮತ್ತೆ ಜನರನ್ನು ಕಂಡುಕೊಂಡರು. ಸಂಖ್ಯೆಯನ್ನಷ್ಟೇ ನಂಬಿದ್ದವರಿಗೆ ಆ ದಾರಿಯೂ ಇರಲಿಲ್ಲ.

ಮೊದಲು ಕೆಲಸ, ಆಮೇಲೆ ಜನ

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಓದಿಗಾಗಿ ಬೆಂಗಳೂರಿಗೆ ನಡೆದೇ ಹೋದವರು. ಭೌತವಿಜ್ಞಾನದಲ್ಲಿ ಅಮೆರಿಕದ ಡಾಕ್ಟರೇಟ್ ಪಡೆದು ಬಂದಮೇಲೂ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬದುಕಿದರು. ವಿಜ್ಞಾನ ಜನಸಾಮಾನ್ಯರಿಗೆ ಮುಟ್ಟಬೇಕೆಂದು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ವಾರವಾರ ಉಪನ್ಯಾಸ ನಡೆಸಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿ ದೊಡ್ಡ ವಿರೋಧ ಕಟ್ಟಿಕೊಂಡರು. ಎಷ್ಟು ಜನ ಮೆಚ್ಚುತ್ತಾರೆಂದು ನೋಡಿಕೊಂಡು ಹೆಜ್ಜೆ ಇಡುವವರಿಂದ ಆಗುವ ಕೆಲಸವಲ್ಲ ಅದು. ನರಸಿಂಹಯ್ಯನವರ ಹಿಂದೆಯೂ ಜನ ಬಂದರು. ಆದರೆ ಕೆಲಸ ಮೊದಲಿತ್ತು, ಜನ ಆಮೇಲೆ ಬಂದರು. ಆ ಕ್ರಮವೇ ನಮಗೆ ಪಾಠ.

ಹಾಗಾದರೆ ಏನು ಮಾಡಬಹುದು?

ಒಂದು: ‘ನನ್ನ ಖಾತೆ ಇರುವುದು ಇಂಥವರಿಗೆ, ಇಂಥದ್ದಕ್ಕೆ’ ಎಂದು ಒಂದೇ ಸಾಲಿನಲ್ಲಿ ಬರೆದುಕೊಳ್ಳಿ. ‘ಎಲ್ಲರಿಗೂ, ಎಲ್ಲದಕ್ಕೂ’ ಎಂದು ಬಂದರೆ ಹರಿದು ಹಾಕಿ ಮತ್ತೆ ಬರೆಯಿರಿ.

ಎರಡು: ಎಷ್ಟಾದರೆ ಸಾಕು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಉದ್ದೇಶಕ್ಕೆ ‘ಸಾಕು’ ಎನ್ನುವ ಜಾಗವಿದೆ, ಸಂಖ್ಯೆಗೆ ಇಲ್ಲ.

ಮೂರು: ಲೈಕಿನ ಸಂಖ್ಯೆ ಕಾಡುತ್ತಿದ್ದರೆ ಮರೆಮಾಡಿ. 2021ರಿಂದ ಇನ್‌ಸ್ಟಾಗ್ರಾಮ್‌ನಲ್ಲಿ ಆ ಅನುಕೂಲವಿದೆ. ಅದರ ಬದಲು, ಪ್ರಶ್ನೆ ಕೇಳಿದವರು, ಸಲಹೆ ಪಾಲಿಸಿ ತಿಳಿಸಿದವರು ಯಾರೆಂದು ಗಮನಿಸಿ.

ನಾಲ್ಕು: ಒಂದು ವಿಡಿಯೊಗಾಗಿ ನಂದಿಬೆಟ್ಟದ ಟಿಪ್ಪು ಡ್ರಾಪ್‌ನ ಅಂಚಿಗೆ ಸರಿಯಬೇಕೆನಿಸಿದರೆ, ಪಾಠ ಬಿಟ್ಟು ಏಳಬೇಕೆನಿಸಿದರೆ, ನೀವು ಬರೆದ ಆ ಸಾಲನ್ನು ಓದಿಕೊಳ್ಳಿ. ಅದರಲ್ಲಿ ಇದು ಇದೆಯೇ?

ಎಷ್ಟು ಯೋಚಿಸಿದರೂ ಆ ಸಾಲು ಹೊಳೆಯದಿದ್ದರೆ, ಒಂದು ತಿಂಗಳು ಏನನ್ನೂ ಹಾಕದೆ ಸುಮ್ಮನಿದ್ದು ನೋಡಿ. ‘ಏನಪ್ಪಾ, ಕಾಣಿಸ್ತಾನೇ ಇಲ್ವಲ್ಲ?’ ಎಂದು ಕೆಲವರಾದರೂ ವಿಚಾರಿಸುತ್ತಾರೆ. ಐದು ಜನ ಇರಬಹುದು, ಐವತ್ತು ಇರಬಹುದು. ಅವರಿಗೆ ನಿಮ್ಮಿಂದ ಏನು ಬೇಕಿತ್ತೆಂದು ಕೇಳಿ ತಿಳಿದುಕೊಳ್ಳಿ. ಮತ್ತೆ ಶುರುಮಾಡುವುದಾದರೆ ಅಲ್ಲಿಂದ ಶುರುಮಾಡಿ.