ನಷ್ಟಕ್ಕೆ ಪಾಲುದಾರರು ಯಾರು?

ಕೊಡುವ ಕೈ ಮೇಲೆ, ತೆಗೆದುಕೊಳ್ಳುವ ಕೈ ಕೆಳಗೆ ಎನ್ನುವ ಮಾತು ಹಳೆಯದು. ಸರಕಾರದ ಸಹಾಯಧನದ ವಿಷಯ ಬಂದಾಗಲೆಲ್ಲ ನಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ಬಿಟ್ಟಿ ದುಡ್ಡು ಜನರನ್ನು ಸೋಮಾರಿ ಮಾಡುತ್ತದೆ ಎಂದು ಒಬ್ಬರು. ಇಲ್ಲದವರಿಗೆ ಕೊಡದೆ ಮತ್ತೆ ಯಾರಿಗೆ ಕೊಡುವುದು ಎಂದು ಇನ್ನೊಬ್ಬರು. ಗಂಟೆ ಹೊಡೆಯುವವರೆಗೂ ವಾದ ನಡೆಯುತ್ತದೆ. ಎರಡರಲ್ಲೂ ಸತ್ಯವಿದೆ. ಆದರೆ ಕೊಡಬೇಕೇ ಬೇಡವೇ ಎಂಬುದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೊಂದು. ಸಹಾಯ ಪಡೆದು ಆರಂಭಿಸಿದ ಕಸುಬು ಸೋತರೆ ಆ ಸೋಲು ಯಾರದು?

ರಾಜ್ಯದಲ್ಲಿ 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದ ಮೇಲೆ ಪುತ್ತೂರು, ಸುಳ್ಯ, ಈಗ ಸ್ವಂತ ತಾಲೂಕಾಗಿರುವ ಕಡಬ, ಎಲ್ಲ ಕಡೆಯೂ ಹೆಂಗಸರ ಸ್ವಸಹಾಯ ಗುಂಪುಗಳು ಹೆಚ್ಚಿದವು. ಕಡಬದ ಕಡೆಯ ಅಂತಹ ಒಂದು ಗುಂಪಿಗೆ ಲೆಕ್ಕ ಬರೆದುಕೊಡಲು ಕೆಲವು ವರ್ಷ ಭಾನುವಾರಗಳಂದು ನಾನು ಹೋಗುತ್ತಿದ್ದೆ. ಬೀಡಿ ಕಟ್ಟಿ ಸಂಸಾರ ತೂಗಿಸಿದವರೇ ಅಲ್ಲಿ ಹೆಚ್ಚು. ಅವರಲ್ಲೊಬ್ಬಳು ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್ ಮಾಡಿ ಮಾರುವುದಕ್ಕೆ ಸಾಲ ತೆಗೆದಳು. ತರಬೇತಿ ಕೊಟ್ಟರು, ಸರ್ಟಿಫಿಕೇಟ್ ಕೊಟ್ಟರು, ಫೋಟೋ ತೆಗೆದರು. ಗುಂಪಿನ ಉಳಿದ ಹೆಂಗಸರೆಲ್ಲ ಅವಳ ಸಾಲಕ್ಕೆ ಹೊಣೆಯಾಗಿ ಸಹಿ ಹಾಕಿದರು.

ಅವಳ ಹಪ್ಪಳದ ರುಚಿಯಲ್ಲಿ ಕುಂದಿರಲಿಲ್ಲ. ಎಪ್ರಿಲ್, ಮೇ ಬಿಸಿಲಲ್ಲಿ ಒಣಗಿಸಿದ್ದನ್ನು ಮಳೆಗಾಲದಲ್ಲಿ ಮಾರಬೇಕು. ಪೇಟೆಯ ಅಂಗಡಿಯವರು ಅಚ್ಚು ಹಾಕಿದ ಪ್ಯಾಕೆಟ್ ಕೇಳಿದರು, ಲೈಸೆನ್ಸ್ ನಂಬರ್ ಕೇಳಿದರು. ಮಾಲು ಇಟ್ಟುಕೊಂಡು ದುಡ್ಡು ಬರುವ ತಿಂಗಳು ಎಂದರು. ಆಟಿಯ ಮಳೆಗೆ ಮೆತ್ತಗಾದ ಚಿಪ್ಸನ್ನು ವಾಪಸು ಕೊಟ್ಟರು. ದುಡ್ಡು ಬರುವ ತಿಂಗಳಿಗೆ ಹೋಗಬಹುದು, ಕಂತು ಹೋಗುವುದಿಲ್ಲ. ಅವಳು ಬೆಂಡೋಲೆ ಅಡವಿಟ್ಟು ಕಂತು ಕಟ್ಟಿದಳು. ಎರಡನೆಯ ಮಳೆಗಾಲದ ಹೊತ್ತಿಗೆ ಒಲೆ ಆರಿಸಿ ಮತ್ತೆ ಬೀಡಿಯ ಮೊರ ಹಿಡಿದಳು. "ಎಂಥ ಮಾಡುವುದು ಟೀಚರೇ, ನನ್ನ ಕೈಗುಣವೇ ಸರಿ ಇಲ್ಲ" ಎಂದಳು.

ನಾನು ಬರೆದ ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದು ಯಶಸ್ಸು. ಸಾಲ ಪೂರ್ತಿ ವಸೂಲಿಯಾಗಿತ್ತು. ಬೆಂಡೋಲೆಯನ್ನು ಬರೆಯುವುದಕ್ಕೆ ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಅವಳ ಮಾತು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಕಡೆಯ ಕೊಕ್ಕೊ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ, 1980ರ ಆಸುಪಾಸಿನಲ್ಲಿ, ಅಡಿಕೆ ತೋಟದ ನಡುವೆ ಕೊಕ್ಕೊ ಹಾಕಿದವರು ಬಹಳ ಮಂದಿ. ಹಾಕಿ ಎಂದು ಹುರಿದುಂಬಿಸಿದವರೂ ಇದ್ದರು. ಕೊಳ್ಳುತ್ತಿದ್ದ ಖಾಸಗಿ ಕಂಪೆನಿ ಹಿಂದೆ ಸರಿದಾಗ ಕಾಯಿಗೆ ಕೇಳುವವರಿಲ್ಲದಾಯಿತು. ಗಿಡ ಕಡಿದವರೂ ಉಂಟು. ಆಗ ಕೊಳ್ಳಲು ಮುಂದೆ ಬಂದದ್ದು ಕ್ಯಾಂಪ್ಕೊ. ಅಡಿಕೆಯ ಧಾರಣೆ ಕುಸಿದು ಕೃಷಿಕರು ಕಂಗೆಟ್ಟಿದ್ದಾಗ, 1973ರ ಜುಲೈ 11ರಂದು, ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಂಬಲದಿಂದ ಹುಟ್ಟಿದ ಸಹಕಾರಿ ಸಂಸ್ಥೆ ಅದು. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಬರೀ ಕೊಂಡರೆ ಸಾಲದು, ಕೊಂಡದ್ದು ಏನಾದರೂ ಆಗಬೇಕಲ್ಲ? 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆಯೂ ಆಯಿತು.

ನಾನು ಗಮನಿಸಿದ್ದು ಇಷ್ಟು. ಧಾರಣೆ ಬಿದ್ದಾಗ ಕೃಷಿಕರ ಕೈಗುಣ ಸರಿಯಿಲ್ಲ ಎಂದು ಯಾರೂ ಹೇಳಲಿಲ್ಲ. ಅದು ಊರಿನ ಕಷ್ಟವಾಯಿತು, ಎರಡು ರಾಜ್ಯಗಳ ಕಷ್ಟವಾಯಿತು. ಇಂದಿಗೂ ಹಾಗೆಯೇ. ಹೊರದೇಶದ ಅಗ್ಗದ ಅಡಿಕೆ ಬಾರದಿರಲೆಂದು ಕೇಂದ್ರ ಸರಕಾರ 2023ರಲ್ಲಿ ಅಡಿಕೆಯ ಕನಿಷ್ಠ ಆಮದು ದರವನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ನಮ್ಮ ಮನೆಯ ನಾಲ್ಕು ಮರಗಳಿಗೂ ಅದರ ನೆರಳು ಸಿಕ್ಕಿದೆ. ಸಿಕ್ಕಬೇಕಾದದ್ದೇ. ಅದನ್ನು ಯಾರೂ ಬಿಟ್ಟಿ ಎನ್ನಲಿಲ್ಲ. ಆದರೆ ಹಪ್ಪಳದವಳಿಗೆ ಸಿಕ್ಕ ಸಹಾಯಧನವನ್ನು ಮಾತ್ರ ನಾವು ಬೆರಳು ಮಡಚಿ ಲೆಕ್ಕ ಹಾಕುತ್ತೇವೆ. ತೋಟದ ಕಷ್ಟ ನಾಡಿನದು, ಅಡುಗೆಮನೆಯ ಕಷ್ಟ ಅವಳೊಬ್ಬಳದು ಎಂಬ ಈ ಭೇದ ಎಲ್ಲಿಂದ ಬಂತು? ತೋಟದವರಿಗೆ ಸಂಘವಿದೆ, ಮಾತನಾಡುವ ಬಾಯಿ ಇದೆ ಎನ್ನುವುದಲ್ಲದೆ ಬೇರೆ ಕಾರಣ ನನಗೆ ಹೊಳೆಯುವುದಿಲ್ಲ.

ಹಾಗಾದರೆ ನಷ್ಟವನ್ನೆಲ್ಲ ಸರಕಾರವೇ ಹೊರಲಿ ಎನ್ನುತ್ತೀರಾ ಎಂದು ನೀವು ಕೇಳಬಹುದು. ಇಲ್ಲ. ಹಾಗೆ ಮಾಡಿದರೆ ಜವಾಬ್ದಾರಿ ಎಂಬುದೇ ಸತ್ತುಹೋದೀತು. ಮನ್ನಾ ಆಗುತ್ತದೆಂದು ಕಂತು ಕಟ್ಟದೆ ಕುಳಿತವರನ್ನು ಕಂಡಿದ್ದೇನೆ. ಅವರ ಬಾಬ್ತನ್ನು ಗುಂಪಿನ ಬಡ ಹೆಂಗಸರು ತೆತ್ತದ್ದನ್ನೂ ಕಂಡಿದ್ದೇನೆ. ತೆಗೆದುಕೊಂಡದ್ದನ್ನು ಹಿಂದೆ ಕೊಡುವುದರಲ್ಲಿ ಮನುಷ್ಯರ ಮರ್ಯಾದೆ ಉಂಟು.

ನನ್ನ ಮಾತು ಪಾಲಿನದು. ರುಚಿ, ಶುಚಿ, ಲೆಕ್ಕ ಅವಳ ಕೈಯಲ್ಲಿರುವುದು. ಅದರಲ್ಲಿ ತಪ್ಪಿದರೆ ಸೋಲು ಅವಳದು. ಮಳೆ, ಲೈಸೆನ್ಸು, ಅಂಗಡಿಯವರ ಉದ್ರಿ ಅವಳ ಕೈಯಲ್ಲಿಲ್ಲ. ಈ ಕಸುಬು ಮಾಡು, ಇದರಲ್ಲಿ ಲಾಭವಿದೆ ಎಂದು ಹೇಳಿದವರಿಗೆ ಅಲ್ಲಿ ಪಾಲು ಬೇಡವೇ? ಸಣ್ಣ ಆಹಾರ ಉದ್ದಿಮೆಗಳಿಗಾಗಿ 2020ರಲ್ಲಿ ಬಂದ ಕೇಂದ್ರದ ಯೋಜನೆಗೆ ಕರ್ನಾಟಕ ತನ್ನದನ್ನೂ ಸೇರಿಸಿ, ಖರ್ಚಿನ ಅರ್ಧದಷ್ಟು, ಹೆಚ್ಚೆಂದರೆ 15 ಲಕ್ಷ ರೂಪಾಯಿಯವರೆಗೆ ಸಹಾಯಧನ ಕೊಟ್ಟಿತು. ದೊಡ್ಡ ಮಾತೇ. ಮಾರಾಟಕ್ಕೂ ನೆರವು ಎಂದು ಅದರಲ್ಲಿ ಬರೆದಿತ್ತು. ಆದರೆ ಹಳ್ಳಿಯ ಮನೆಗೆ ಯಂತ್ರ ಬರುವಷ್ಟು ಬೇಗ ಗಿರಾಕಿ ಬರುವುದಿಲ್ಲ. ಸಾಲದ ಕಾಗದದಲ್ಲಿ ಹೊಣೆಯಾದವರ ಅಷ್ಟೊಂದು ಸಹಿಗಳಿರುವಾಗ, ಕೊಳ್ಳುತ್ತೇನೆ ಎನ್ನುವವರ ಒಂದು ಸಹಿಯನ್ನೂ ಯಾಕೆ ಕೇಳಬಾರದು? ತರಬೇತಿ ಕೊಟ್ಟವರು ಎರಡು ಮಳೆಗಾಲ ಕಳೆದ ಮೇಲೆ ಬಂದು, ಒಲೆ ಉರಿಯುತ್ತಿದೆಯೇ ಎಂದು ಯಾಕೆ ನೋಡಬಾರದು? ಸಹಕಾರಿ ಪಿತಾಮಹ ಎಂದು ನಾವು ಕರೆಯುವ ಮೊಳಹಳ್ಳಿ ಶಿವರಾಯರು ಓಡಾಡಿದ ಪುತ್ತೂರಿನಲ್ಲಿ ಇದು ಹೊಸ ವಿಚಾರವೇನಲ್ಲ. ಒಬ್ಬರ ಹೊರೆಗೆ ಹತ್ತು ಜನ ಹೆಗಲು ಕೊಡುವುದಕ್ಕೇ ಅಲ್ಲವೇ ಸಹಕಾರ ಎನ್ನುವುದು?

ಇನ್ನು ಪೇಟೆಯಲ್ಲಿರುವ ನಾವು. ಸಂತೆಯಲ್ಲಿ ಹಪ್ಪಳದವಳ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡಿ, ದೊಡ್ಡ ಅಂಗಡಿಯಲ್ಲಿ ಮಿರುಗುವ ಪ್ಯಾಕೆಟ್ಟಿಗೆ ಅಚ್ಚಾದ ಬೆಲೆಯನ್ನು ತುಟಿಪಿಟಕ್ಕೆನ್ನದೆ ಕೊಟ್ಟು ಬರುತ್ತೇವೆ. ಪಾಪ ಎಂದು ಕೊಳ್ಳಬೇಡಿ. ಪಾಪ ಎಂದು ಕೊಂಡವರು ಒಂದೇ ಸಲ ಕೊಳ್ಳುತ್ತಾರೆ. ರುಚಿ ನೋಡಿ ಕೊಳ್ಳಿ. ಉಪ್ಪು ಹೆಚ್ಚಾಗಿದ್ದರೆ ಅವಳಿಗೆ ಹೇಳಿ, ತಿದ್ದಿಕೊಳ್ಳುತ್ತಾಳೆ. ಚೆನ್ನಾಗಿದ್ದರೆ ಕೈಯಲ್ಲಿ ದುಡ್ಡಿಟ್ಟು, ಮುಂದಿನ ತಿಂಗಳಿಗೂ ಬೇಕು ಎಂದು ಹೇಳಿ ಬನ್ನಿ.