ಸ್ಟೆಪ್ನಿ ಮತ್ತು ಶರಣಾಗತಿ

ದಾರಿಯಲ್ಲಿ ಟಯರ್ ಕೂತರೆ ನಮ್ಮ ಕಡೆಯ ಯಾವ ಡ್ರೈವರನ ಬಾಯಲ್ಲೂ ಮೊದಲು ಬರುವ ಮಾತು ‘ಸ್ಟೆಪ್ನಿ ಇದೆಯಾ?’ ಎಂಬುದು. ಅದು ಒಂದು ಬೀದಿಯ ಹೆಸರು ಎಂದು ತಿಳಿದವರು ಕಡಿಮೆ. ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಲನೆಥ್ಲಿ ಎಂಬ ಊರಿದೆ, ಅಲ್ಲೊಂದು ಸ್ಟೆಪ್ನಿ ಬೀದಿಯಿದೆ. 1904ರಲ್ಲಿ ಆ ಊರಿನ ಥಾಮಸ್ ಮೋರಿಸ್ ಡೇವಿಸ್ ಹೊಸದೊಂದು ಚಕ್ರ ರೂಪಿಸಿದರು. ತಮ್ಮ ಸಹೋದರ ವಾಲ್ಟರ್ ಜೊತೆಗೂಡಿ ಅದನ್ನು ಮಾರಲು ಕಂಪನಿ ಕಟ್ಟಿ, ಬೀದಿಯ ಹೆಸರನ್ನೇ ಇಟ್ಟರು. ಆ ಕಾಲದ ಕಾರುಗಳಲ್ಲಿ ಚಕ್ರವನ್ನು ಸುಲಭವಾಗಿ ಬಿಚ್ಚುವಂತಿರಲಿಲ್ಲ. ಪಂಚರ್ ಆದರೆ ರಸ್ತೆ ಬದಿಯಲ್ಲೇ ಟಯರ್ ಕಿತ್ತು, ಟ್ಯೂಬಿಗೆ ತೇಪೆ ಹಾಕಿ, ಕೈಪಂಪಿನಲ್ಲಿ ಗಾಳಿ ಹೊಡೆಯಬೇಕಿತ್ತು. ಡೇವಿಸರ ಚಕ್ರಕ್ಕೆ ಕಡ್ಡಿಗಳೇ ಇರಲಿಲ್ಲ. ಗಾಳಿ ತುಂಬಿದ ಟಯರಿನ ಒಂದು ಬಳೆ, ಅಷ್ಟೆ. ಕೂತ ಚಕ್ರದ ಪಕ್ಕಕ್ಕೆ ಅದನ್ನು ಬಿಗಿದು ಊರು ತಲುಪಬಹುದಿತ್ತು. ಕಂಪನಿ ಹೋಯಿತು, ಹೆಸರು ಮಾತ್ರ ನಮ್ಮ ಗ್ಯಾರೇಜುಗಳಲ್ಲಿ ನಿಂತಿತು. ಬ್ರೆಜಿಲ್‌ನವರು ಇಂದಿಗೂ ಹೆಚ್ಚುವರಿ ಚಕ್ರವನ್ನು ‘ಎಸ್ಟೆಪಿ’ ಎನ್ನುತ್ತಾರೆ.

ಈಗ ಅದೇ ಬ್ರಿಟನ್ನಿನಲ್ಲಿ ಸ್ಟೆಪ್ನಿ ಕಾಣೆಯಾಗುತ್ತಿದೆ. ಹೊಸ ಕಾರಿನ ಡಿಕ್ಕಿಯ ತಳ ಎತ್ತಿದರೆ ಚಕ್ರದ ಜಾಗದಲ್ಲಿ ಒಂದು ಅಂಟುದ್ರವದ ಬಾಟಲಿ, ಪುಟ್ಟ ಕಂಪ್ರೆಸರ್ ಸಿಗುವುದೇ ಹೆಚ್ಚು. ತೂಕ ಇಳಿದರೆ ಇಂಧನ ಉಳಿಯುತ್ತದೆ, ಹೊಗೆಯ ಲೆಕ್ಕ ತಗ್ಗುತ್ತದೆ, ಖರ್ಚೂ ಕಡಿಮೆ. ಹೈಬ್ರಿಡ್ ಕಾರುಗಳಲ್ಲಿ ಎಷ್ಟೋ ಸಲ ಆ ಜಾಗವನ್ನು ಬ್ಯಾಟರಿಯೇ ಹಿಡಿದಿರುತ್ತದೆ. ಹೆಚ್ಚುವರಿ ಚಕ್ರ ಇರಲೇಬೇಕೆಂಬ ಕಾನೂನು ಅಲ್ಲಿಲ್ಲ. ಭಾರತದಲ್ಲೂ 2020ರ ತಿದ್ದುಪಡಿಯ ನಂತರ ಟ್ಯೂಬ್‌ಲೆಸ್ ಟಯರ್, ದುರಸ್ತಿ ಕಿಟ್, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಇರುವ 3.5 ಟನ್ ಒಳಗಿನ ಪ್ರಯಾಣಿಕ ವಾಹನಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ.

ಒಬ್ಬಂಟಿ ಕಾರಿಗೆ ಇದು ಅನುಕೂಲದ ಮಾತು. ಆದರೆ ಕಾರಿನ ಬೆನ್ನಿಗೆ ಮನೆಯನ್ನೇ ಕಟ್ಟಿಕೊಂಡು ಹೊರಟವರಿಗೆ ಇದು ಬೇರೆಯೇ ಪ್ರಶ್ನೆಯಾಗುತ್ತದೆ.

ಕ್ಯಾರವಾನ್ ಎಳೆದುಕೊಂಡು ರಜೆಗೆ ಹೋಗುವುದು ಬ್ರಿಟನ್ನಿನಲ್ಲಿ ಹಳೆಯ ರೂಢಿ. ನೌಕಾಪಡೆಯ ನಿವೃತ್ತ ವೈದ್ಯ ವಿಲಿಯಂ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ‘ವಾಂಡರರ್’ ಎಂಬ ಮರದ ಗಾಡಿಯನ್ನು ಎರಡು ಕುದುರೆಗಳಿಂದ ಎಳೆಸಿ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದರು. ಅವರ ಸೇವಕ ಟ್ರೈಸಿಕಲ್ ಏರಿ ಮುಂದೆ ಮುಂದೆ ಹೋಗಿ ದಾರಿ ತೆರವು ಮಾಡಿಸುತ್ತಿದ್ದ. 1907ರಲ್ಲಿ ಕ್ಯಾರವಾನ್ ಕ್ಲಬ್ ಹುಟ್ಟಿತು. 1919ರಲ್ಲಿ ಬರ್ಮಿಂಗ್‌ಹ್ಯಾಮಿನ ಎಕ್ಲೆಸ್ ಸಂಸ್ಥೆ ಮೋಟಾರು ಕಾರು ಎಳೆಯುವ ಕ್ಯಾರವಾನುಗಳನ್ನು ತಯಾರಿಸತೊಡಗಿತು. ಮೊದಲ ಗಾಡಿಯಿಂದಲೇ ಈ ಪ್ರಯಾಣಕ್ಕೆ ಒಂದು ಲಕ್ಷಣ ಅಂಟಿಕೊಂಡಿದೆ: ಹೋಗುವವನು ಒಬ್ಬನೇ ಹೋಗುವುದಿಲ್ಲ, ಅವನು ನಿಂತರೆ ಹಿಂದಿರುವುದೆಲ್ಲ ನಿಲ್ಲುತ್ತದೆ.

ತೂಕದ ಲೆಕ್ಕ ನೋಡಿದರೆ ಇದು ಇನ್ನೂ ಸ್ಪಷ್ಟ. ಕ್ಯಾರವಾನಿನ ಮೂತಿ ಕಾರಿನ ಹಿಂದಿನ ಕೊಂಡಿಯ ಮೇಲೆ ಕೂರುತ್ತದೆ. ಒಟ್ಟು ತೂಕದಲ್ಲಿ ಶೇಕಡಾ 5ರಿಂದ 7ರಷ್ಟು ಭಾರ ಅಲ್ಲಿ ಇಳಿಯಬೇಕೆಂಬುದು ಅಲ್ಲಿನವರು ಪಾಲಿಸುವ ಅಳತೆ. 1400 ಕೆ.ಜಿ.ಯ ಕ್ಯಾರವಾನಾದರೆ 70ರಿಂದ 98 ಕೆ.ಜಿ. ಅಂದರೆ ಕಾರಿನ ಹಿಂಭಾಗದ ಮೇಲೆ ಇನ್ನೊಬ್ಬ ದೊಡ್ಡಾಳು ಕೂತಂತೆ. ಸಾಕಷ್ಟು ಭಾರ ಇಳಿಯದಿದ್ದರೆ ಕ್ಯಾರವಾನ್ ಬಾಲದಂತೆ ಅತ್ತಿತ್ತ ಓಲಾಡಿ ಕಾರನ್ನೂ ಎಳೆದಾಡುತ್ತದೆ. ಹೀಗೆ ದುಡಿಯುವ ಹಿಂದಿನ ಟಯರಿನ ಪಕ್ಕೆಯನ್ನು ಚೂಪುಗಲ್ಲೊಂದು ಸೀಳಿದರೆ ಬಾಟಲಿಯ ಅಂಟು ಏನೂ ಮಾಡಲಾರದು. ಅದು ಮೊಳೆ ಚುಚ್ಚಿದಂಥ ಸಣ್ಣ ತೂತಿಗೆ, ಅದೂ ನೆಲಕ್ಕೆ ತಾಗುವ ಭಾಗದ ತೂತಿಗೆ ಮಾತ್ರ. ಕೆಲವು ಕಾರುಗಳ ಜೊತೆ ಸಪೂರ ಚಕ್ರವೊಂದು ಬರುತ್ತದೆ, ಅದರ ಮೇಲೆ ಗಂಟೆಗೆ 80 ಕಿ.ಮೀ. ಮಿತಿ ಬರೆದಿರುತ್ತದೆ. ಅದನ್ನು ಹಾಕಿಕೊಂಡು ಏನನ್ನೂ ಎಳೆಯಬೇಡಿ ಎಂದು ಅನೇಕ ಕಾರುಗಳ ಕೈಪಿಡಿಯಲ್ಲೇ ಇದೆ. ಆದ್ದರಿಂದ ಅನುಭವಸ್ಥರು ಪೂರ್ಣ ಅಳತೆಯ ಐದನೆಯ ಚಕ್ರ ಹುಡುಕುತ್ತಾರೆ. ಅದಕ್ಕೆ 20 ಕೆ.ಜಿ. ಆಸುಪಾಸಿನ ತೂಕ, ಅರ್ಧ ಡಿಕ್ಕಿಯ ಜಾಗ.

ಇಲ್ಲಿ ಧರ್ಮದ ಪ್ರಶ್ನೆ ಏಳುತ್ತದೆ. ಆಗದೇ ಹೋಗಬಹುದಾದ ಕೇಡಿಗಾಗಿ ಊರೂರು ಭಾರ ಹೊತ್ತು ತಿರುಗುವುದು ವಿವೇಕವೋ, ಅಪನಂಬಿಕೆಯೋ? ನಾಳೆಯ ಚಿಂತೆ ಬಿಡಿ ಎಂದು ಹಲವು ಧರ್ಮಗಳು ಒಂದಲ್ಲ ಒಂದು ಕಡೆ ಹೇಳಿವೆ. ಹಾಗಾದರೆ ಸ್ಟೆಪ್ನಿ ಯಾಕೆ?

ಬ್ರಿಟನ್ನಿನ ಜನ ತಲೆಮಾರುಗಳಿಂದ ಓದಿಕೊಂಡು ಬಂದ ಮತ್ತಾಯನ ಸುವಾರ್ತೆಯಲ್ಲೇ ಎರಡೂ ದನಿ ಕೇಳುತ್ತವೆ. ಆರನೆಯ ಅಧ್ಯಾಯದಲ್ಲಿ ಯೇಸು ಆಕಾಶದ ಹಕ್ಕಿಗಳನ್ನೂ ಹೊಲದ ಹೂಗಳನ್ನೂ ತೋರಿಸಿ, ನಾಳೆಗಾಗಿ ಕಳವಳಪಡಬೇಡಿ ಎಂದು ಬೋಧಿಸುತ್ತಾನೆ. ಇಪ್ಪತ್ತೈದನೆಯ ಅಧ್ಯಾಯದಲ್ಲಿ ಅದೇ ಯೇಸು ಹತ್ತು ಕನ್ಯೆಯರ ಕತೆ ಹೇಳುತ್ತಾನೆ. ಮದುಮಗ ಬರುವುದು ತಡವಾಗುತ್ತದೆ. ದೀಪದ ಜೊತೆಗೆ ಪಾತ್ರೆಯಲ್ಲಿ ಎಣ್ಣೆಯನ್ನೂ ತಂದ ಐವರು ಒಳಗೆ ಹೋಗುತ್ತಾರೆ, ತರದ ಐವರಿಗೆ ಬಾಗಿಲು ಮುಚ್ಚುತ್ತದೆ. ಹಕ್ಕಿಯ ನಿಶ್ಚಿಂತೆ ಹೇಳಿದವನೇ ಎಣ್ಣೆಯ ಪಾತ್ರೆಯನ್ನೂ ಮೆಚ್ಚಿದ್ದಾನೆ. ಅವನು ಬಿಡಿ ಎಂದದ್ದು ಕಳವಳವನ್ನು, ಸಿದ್ಧತೆಯನ್ನಲ್ಲ.

ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದ 22ನೆಯ ಶ್ಲೋಕದಲ್ಲಿ ಕೃಷ್ಣ ತನ್ನನ್ನೇ ನಂಬಿದವರ ಯೋಗಕ್ಷೇಮವನ್ನು ತಾನು ಹೊರುವೆನೆಂದು ಮಾತು ಕೊಡುತ್ತಾನೆ. ಇಲ್ಲದ್ದನ್ನು ಒದಗಿಸುವುದು ಯೋಗ, ಇರುವುದನ್ನು ಕಾಪಾಡುವುದು ಕ್ಷೇಮ ಎಂದು ಶಂಕರರ ಭಾಷ್ಯ ಬಿಡಿಸಿ ಹೇಳುತ್ತದೆ. ಶರಣಾಗತಿಯ ಈ ಶ್ಲೋಕದ ಮಾತೇ 1956ರಲ್ಲಿ ಹುಟ್ಟಿದ ಭಾರತೀಯ ಜೀವ ವಿಮಾ ನಿಗಮದ ಧ್ಯೇಯವಾಕ್ಯವೂ ಆಯಿತು. ದೇವರು ಕಾಯುತ್ತಾನೆ ಎಂದು ನಂಬುವ ಮನೆಗಳಲ್ಲೇ ವಿಮೆಯ ಕಂತನ್ನೂ ತಪ್ಪದೆ ಕಟ್ಟುತ್ತಾರೆ. ಇದರಲ್ಲಿ ವಿರೋಧವಿದೆ ಎಂದು ಆ ಮನೆಯವರಿಗೆ ಅನಿಸಿಲ್ಲ. ಅವರು ತಪ್ಪು ತಿಳಿದಿಲ್ಲ ಎನ್ನಲು ಮಹಾಭಾರತದಲ್ಲೇ ಸಾಕ್ಷಿಯಿದೆ.

ದ್ರೋಣಪರ್ವ, ಯುದ್ಧದ ಹದಿನಾಲ್ಕನೆಯ ದಿನ. ಸೂರ್ಯ ಮುಳುಗುವುದರೊಳಗೆ ಜಯದ್ರಥನನ್ನು ಕೊಲ್ಲುವೆನೆಂದು ಅರ್ಜುನ ಪ್ರತಿಜ್ಞೆ ಮಾಡಿದ್ದಾನೆ. ಒಂದೊಂದು ಗಳಿಗೆಯೂ ಬೆಲೆಯುಳ್ಳದ್ದು. ಅಂಥ ಹೊತ್ತಿನಲ್ಲಿ, ಸುತ್ತ ಶತ್ರುಸೈನ್ಯ ಮುತ್ತಿರುವಾಗ, ಕುದುರೆಗಳು ಬಳಲಿದ್ದನ್ನು ಕಂಡು ರಥ ನಿಲ್ಲಿಸುತ್ತಾರೆ. ಅರ್ಜುನ ನೆಲಕ್ಕಿಳಿದು ಸೈನ್ಯವನ್ನು ತಡೆಹಿಡಿಯುತ್ತಾನೆ, ಬಾಣ ಹೊಡೆದು ನೀರು ಚಿಮ್ಮಿಸುತ್ತಾನೆ. ಕೃಷ್ಣ ಕುದುರೆಗಳ ನೊಗ ಕಳಚಿ, ಮೈಗೆ ನೆಟ್ಟ ಬಾಣಗಳನ್ನು ಒಂದೊಂದಾಗಿ ಕೀಳುತ್ತಾನೆ, ಮೈಯುಜ್ಜುತ್ತಾನೆ, ನೀರು ಕುಡಿಸಿ ಮತ್ತೆ ಹೂಡುತ್ತಾನೆ. ಯೋಗಕ್ಷೇಮ ಹೊರುವೆನೆಂದವನು ಹೊತ್ತದ್ದು ಹೀಗೆ, ತನ್ನ ಕೈಯಿಂದ, ದಾರಿಯ ನಡುವೆ ನಿಂತು. ಪವಾಡದಿಂದ ಕುದುರೆಗಳ ದಣಿವು ಕಳೆಯಲು ಅವನಿಗೆ ಆಗುತ್ತಿರಲಿಲ್ಲವೇ? ಆದರೂ ಅವನು ಸಾರಥಿ ಮಾಡುವ ಕೆಲಸವನ್ನೇ ಮಾಡಿದ. ನಂಬಿಕೆಯುಳ್ಳವನು ಟಯರಿನ ಗಾಳಿ ನೋಡಬೇಕಿಲ್ಲ ಎನ್ನುವವರು ಈ ಪ್ರಸಂಗವನ್ನು ಮತ್ತೊಮ್ಮೆ ಓದಬೇಕು.

ಎದುರು ವಾದವೂ ಹಗುರವಾದದ್ದಲ್ಲ, ಅದು ನಮ್ಮ ನೆಲದಲ್ಲೇ ಇದೆ. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಮೆಚ್ಚಲಿಲ್ಲ. ಮಿಕ್ಕದ್ದನ್ನು ಅಲ್ಲೇ ಸುರಿದು ಬರುವಂತೆ ಹೇಳಿ ಕಳಿಸಿದಳು ಎಂಬ ಕತೆ ಕನ್ನಡಿಗರಿಗೆಲ್ಲ ಗೊತ್ತು. ಲಕ್ಕಮ್ಮನ ಮುಂದೆ ಸ್ಟೆಪ್ನಿ ಇಟ್ಟರೆ ಏನೆಂದಾಳು? ಅದನ್ನೂ ಹಿಂದಿರುಗಿಸು ಎನ್ನುವಳೇ?

ಎನ್ನಲಾರಳು. ಅವಳು ಬೇಡವೆಂದದ್ದು ಆಸೆ ತಂದ ಮಿಗುತೆಯನ್ನು. ಸ್ಟೆಪ್ನಿ ಮಿಗುತೆಯಲ್ಲ, ಓಡುವ ನಾಲ್ಕಕ್ಕೆ ಆಪತ್ತಿನ ಒಂದು. ಅದನ್ನು ಡಿಕ್ಕಿಯಲ್ಲಿಟ್ಟವನು ಬೇರೆ ಏನನ್ನೋ ಮನೆಯಲ್ಲಿ ಬಿಟ್ಟು ಬರಬೇಕು, ಯಾಕೆಂದರೆ ಕಾರು, ಕ್ಯಾರವಾನು ಎರಡಕ್ಕೂ ತೂಕದ ಮಿತಿಯಿದೆ. ಎರಡನೆಯ ಮೇಜು, ಇನ್ನೊಂದು ಟಿವಿ, ಓದಲಾರದಷ್ಟು ಪುಸ್ತಕ, ಇವುಗಳಲ್ಲಿ ಯಾವುದೋ ಒಂದು ಇಳಿಯಬೇಕು. ಹಾಗೆ ನೋಡಿದರೆ ಆ 20 ಕೆ.ಜಿ. ಚಕ್ರ ಲಕ್ಕಮ್ಮನ ಕೆಲಸವನ್ನೇ ಮಾಡುತ್ತದೆ. ಮಿತಿಯಿಲ್ಲದೆ ತುಂಬಿಕೊಂಡವನಿಗೆ ಅದಕ್ಕೆ ಜಾಗವೇ ಇರುವುದಿಲ್ಲ.

ಹೆಚ್ಚುವರಿ ವಸ್ತುವಿನ ಬಗ್ಗೆ ತುಂಬ ಬಿಗಿಯಾಗಿ ಯೋಚಿಸಿದವರು ಬೌದ್ಧ ಭಿಕ್ಷುಗಳು. ಎಲ್ಲ ಬಿಟ್ಟು ಹೊರಟವನಿಗೆ ಇಟ್ಟುಕೊಳ್ಳಲು ಅನುಮತಿಯಿದ್ದ ಎಂಟು ವಸ್ತುಗಳು ಇವು: ಚೀವರ ಎನ್ನುವ ಮೂರು ಬಟ್ಟೆ, ಭಿಕ್ಷಾಪಾತ್ರೆ, ಸೊಂಟಪಟ್ಟಿ, ಕ್ಷೌರದ ಕತ್ತಿ, ನೀರು ಸೋಸುವ ಬಟ್ಟೆ ಮತ್ತು ಸೂಜಿ. ಆ ಸೂಜಿಯನ್ನು ಗಮನಿಸಬೇಕು. ಉಟ್ಟದ್ದು ಹರಿಯುತ್ತದೆ, ಹರಿದದ್ದನ್ನು ಹೊಲಿಯುವ ಸಾಧನ ಕೈಯಲ್ಲಿರಬೇಕು ಎಂಬುದನ್ನು ಸನ್ಯಾಸವೂ ಒಪ್ಪಿದೆ. ಪಾತ್ರೆಗೆ ಐದು ತೇಪೆ ಬೀಳುವ ಮೊದಲು ಹೊಸದನ್ನು ಕೇಳಿ ಪಡೆಯುವಂತಿಲ್ಲ ಎಂಬ ನಿಯಮ ವಿನಯಪಿಟಕದಲ್ಲಿದೆ. ಹೆಚ್ಚುವರಿ ಚೀವರವನ್ನು ಹತ್ತು ದಿನ ಮಾತ್ರ ಇಟ್ಟುಕೊಳ್ಳಬಹುದು. ಹತ್ತೇ ಯಾಕೆ ಎಂಬುದಕ್ಕೂ ಅಲ್ಲೊಂದು ಪ್ರಸಂಗವಿದೆ. ಆನಂದನಿಗೆ ಹೆಚ್ಚುವರಿ ಚೀವರವೊಂದು ದೊರೆಯಿತು. ಅದನ್ನು ಸಾರಿಪುತ್ರನಿಗೆ ಕೊಡುವ ಮನಸ್ಸು, ಆದರೆ ಸಾರಿಪುತ್ರ ಸಾಕೇತದಲ್ಲಿದ್ದ. ಅವನು ಬರುವುದು ಯಾವಾಗ ಎಂದು ಬುದ್ಧ ಕೇಳಿದ. ಒಂಬತ್ತನೆಯ ಅಥವಾ ಹತ್ತನೆಯ ದಿನ ಎಂದ ಆನಂದ. ನಿಯಮ ಹತ್ತು ದಿನಕ್ಕೆ ಸಡಿಲವಾಯಿತು.

ಹೆಚ್ಚುವರಿ ಚೀವರ ಕ್ಷಮ್ಯವಾದದ್ದು ಅದು ಇನ್ನೊಬ್ಬನಿಗಾಗಿ ಕಾದಿದ್ದರಿಂದ. ಕ್ಯಾರವಾನ್ ಎಳೆಯುವ ಕಾರಿನ ಸ್ಟೆಪ್ನಿಯನ್ನೂ ಅದೇ ಅಳತೆಯಲ್ಲಿ ಅಳೆಯಬೇಕು.

ಸ್ಟೆಪ್ನಿ ಇಲ್ಲದವನು ಯಾರನ್ನು ನೆಚ್ಚುತ್ತಾನೆ? ದೇವರನ್ನಲ್ಲ, ಫೋನಿಗೆ ಓಗೊಟ್ಟು ಬರುವ ಇನ್ನೊಬ್ಬ ಮನುಷ್ಯನನ್ನು. ಬ್ರಿಟನ್ನಿನಲ್ಲಿ ಆ ವ್ಯವಸ್ಥೆಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಆಟೊಮೊಬೈಲ್ ಅಸೋಸಿಯೇಷನ್ ಹುಟ್ಟಿದ್ದೇ 1905ರಲ್ಲಿ. ಅವರನ್ನು ಕರೆಯುವುದು ತಪ್ಪಲ್ಲ, ಮೋಟಾರ್‌ವೇಯಲ್ಲಂತೂ ಅದೇ ಸರಿ. ಅಲ್ಲಿ ಕೆಟ್ಟು ನಿಂತರೆ ಸಣ್ಣ ದುರಸ್ತಿಗೂ ಕೈ ಹಾಕದೆ, ಎಡಬದಿಯ ಬಾಗಿಲಿನಿಂದ ಇಳಿದು, ಸಾಧ್ಯವಾದರೆ ತಡೆಬೇಲಿಯ ಆಚೆ ನಿಲ್ಲಿ ಎನ್ನುತ್ತದೆ ಹೈವೇ ಕೋಡ್. ಆದರೆ ಬಂದವನ ಕೈಗೆ ಕೊಡಲು ಒಳ್ಳೆಯ ಚಕ್ರವೊಂದಿದ್ದರೆ ಅವನು ರಸ್ತೆ ಬದಿಯಲ್ಲಿ ಪ್ರಾಣ ಒಡ್ಡಿ ನಿಲ್ಲುವ ಹೊತ್ತು ತಗ್ಗುತ್ತದೆ. ಚಕ್ರವಿಲ್ಲದಿದ್ದರೆ ಕಾರನ್ನು ಲಾರಿಗೆ ಏರಿಸಬೇಕು, ಕ್ಯಾರವಾನಿಗೆ ಬೇರೆ ಏರ್ಪಾಡು ಆಗಬೇಕು. ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಒಂದೇ ಲೇನಿನ ದಾರಿಯಾದರೆ ಹಿಂದೆ ಬಂದವರೆಲ್ಲ ಕಾಯಬೇಕು. ಭಾನುವಾರವಾದರೆ ಬೇಕಾದ ಅಳತೆಯ, ಅಷ್ಟು ಭಾರ ಹೊರಬಲ್ಲ ಟಯರ್ ಮಾರುವ ಅಂಗಡಿ ತೆರೆದಿರುವುದೇ ಅನುಮಾನ. ಹೊರದೆ ಬಿಟ್ಟ 20 ಕೆ.ಜಿ. ಭಾರ ಎಲ್ಲೂ ಮಾಯವಾಗಿರುವುದಿಲ್ಲ, ಬೇರೆಯವರ ಹೆಗಲಿಗೆ ಹೋಗಿರುತ್ತದೆ.

ಒಂದು ಬೇಕಾದರೆ ಎರಡೇಕೆ ಬೇಡ ಎಂದು ಕೇಳಬಹುದು. ಆಸ್ಟ್ರೇಲಿಯಾದ ಒಳನಾಡಿನ ಜಲ್ಲಿದಾರಿಗಳಲ್ಲಿ ನೂರಾರು ಕಿಲೋಮೀಟರ್ ಊರೇ ಸಿಗುವುದಿಲ್ಲ. ಅಲ್ಲಿಗೆ ಹೋಗುವವರು ಎರಡು ಸ್ಟೆಪ್ನಿ ಒಯ್ಯುತ್ತಾರೆ, ಅದು ಅಲ್ಲಿಗೆ ಸರಿ. ಇಂಗ್ಲೆಂಡಿನಲ್ಲಿ ಕಾರಿಗೊಂದು, ಕ್ಯಾರವಾನಿಗೊಂದು ಇದ್ದರೆ ಸಾಕು. ಎಷ್ಟು ಬೇಕೆಂಬುದನ್ನು ದಾರಿ ನೋಡಿ ನಿರ್ಧರಿಸಬೇಕು. ಭಯವನ್ನು ಕೇಳಿದರೆ ಅದು ಸಾಕು ಎನ್ನುವುದೇ ಇಲ್ಲ.

ಇದ್ದೂ ಇಲ್ಲದಂಥ ಸ್ಟೆಪ್ನಿಗಳೂ ಉಂಟು. ಕ್ಯಾರವಾನಿನ ಹೊಟ್ಟೆಯಡಿಗೆ ಕಟ್ಟಿದ ಚಕ್ರ ಕೆಸರು ತಿನ್ನುತ್ತ ವರ್ಷಗಟ್ಟಲೆ ತೂಗುತ್ತಿರುತ್ತದೆ. ಬೇಕಾದ ದಿನ ಕೆಳಗಿಳಿಸಿದರೆ ಗಾಳಿಯಿಲ್ಲ, ರಬ್ಬರು ಬಿರುಕು ಬಿಟ್ಟಿದೆ, ಹಿಡಿಕೆ ತುಕ್ಕು ಹಿಡಿದಿದೆ. ಆ ಚಕ್ರ ತಾಯಿತದಂತೆ ಕಟ್ಟಿಸಿಕೊಂಡದ್ದು. ಇದೆ ಎಂಬ ಧೈರ್ಯ ಕೊಟ್ಟಿತೇ ಹೊರತು ಕೆಲಸಕ್ಕೆ ಬರಲಿಲ್ಲ. ಬದಲಿಸುವ ಕೈಗೂ ಅಭ್ಯಾಸ ಬೇಕು. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಕಾರಿಗೂ ಕ್ಯಾರವಾನಿಗೂ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸುವ ಮುನ್ನವೇ ಬೋಲ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಹೊಸ ಚಕ್ರ ಕೂರಿಸಿದ ಮೇಲೆ ಎದುರುಬದುರಾಗಿ ಬಿಗಿಯಬೇಕು, ಐವತ್ತು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಪರೀಕ್ಷಿಸಬೇಕು. ಇದನ್ನು ಮಳೆಯಲ್ಲಿ, ಕತ್ತಲಲ್ಲಿ ಮೊದಲ ಬಾರಿಗೆ ಕಲಿಯುವುದೆಂದರೆ ಯುದ್ಧಕಾಲದ ಶಸ್ತ್ರಾಭ್ಯಾಸ.

ಬ್ರಿಟನ್ನಿನಲ್ಲಿ ಕ್ಯಾರವಾನ್ ಎಳೆಯುವ ಕನ್ನಡಿಗರಿಗೂ, ಇಲ್ಲಿ ತುಂಬು ಸಂಸಾರ ಕೂರಿಸಿಕೊಂಡು ಧರ್ಮಸ್ಥಳಕ್ಕೋ ಮಂತ್ರಾಲಯಕ್ಕೋ ಹೊರಡುವವರಿಗೂ ಕೋರಿಕೆ ಒಂದೇ. ಗಾಡಿಗೆ ಪೂಜೆ ಮಾಡಿಸಿ, ಚಕ್ರದಡಿಗೆ ನಿಂಬೆಹಣ್ಣು ಇಡಿ. ಅದೇ ದಿನ ಡಿಕ್ಕಿಯ ತಳ ಎತ್ತಿ ಸ್ಟೆಪ್ನಿಯನ್ನೂ ಹೊರತೆಗೆದು ಗಾಳಿ ಹಿಡಿಸಿ, ಜಾಕ್ ಮತ್ತು ಸ್ಪ್ಯಾನರ್ ಇವೆಯೇ ನೋಡಿ. ಟಯರಿನ ಪಕ್ಕೆಯ ಮೇಲೆ ನಾಲ್ಕು ಅಂಕಿ ಅಚ್ಚಾಗಿರುತ್ತವೆ. ಮೊದಲೆರಡು ಅದು ತಯಾರಾದ ವಾರ, ಕೊನೆಯೆರಡು ವರ್ಷ. 2316 ಎಂದಿದ್ದರೆ ಅದು 2016ರ ಇಪ್ಪತ್ತಮೂರನೆಯ ವಾರದ ಟಯರ್. ಒಮ್ಮೆಯೂ ನೆಲ ಮುಟ್ಟಿರದಿದ್ದರೂ ಅದನ್ನು ಬದಲಿಸುವ ಕಾಲ ಬಂದಿದೆ.