ಕಾಣದ ಹೊಲಿಗೆ

ಇನ್‌ವಿಸಿಬಲ್ ದಾರ ಅಂದ್ರೆ ಮಾಯೆಯೇನಲ್ಲ, ತೆಳ್ಳನೆಯ ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆ. ಮನೆಯ ಮಿಷಿನ್‌ಗೆ ಹಾಕುವಾಗ ಮೇಲಿನ ಟೆನ್ಷನ್ ಸಡಿಲ ಮಾಡಬೇಕು, ಬಾಬಿನ್‌ಗೆ ಮಾಮೂಲಿ ದಾರವೇ ಸಾಕು. ನೈಲಾನಾದರೆ ಇಸ್ತ್ರಿಪೆಟ್ಟಿಗೆ ಜಾಸ್ತಿ ಕಾದರೆ ಕರಗಿಹೋಗುತ್ತೆ.

ಹರಿದ ಸೀರೆಗೆ ಹೀಗೆ ಹೊಲಿಗೆ ಹಾಕಿ ಅಮ್ಮ ಮದುವೆಮನೆಗೆ ಉಟ್ಟುಕೊಂಡು ಹೋದರೆ ಅದು ಮರ್ಯಾದೆಯ ಮಾತು. ಮುಚ್ಚಿಡೋದೆಲ್ಲ ಸುಳ್ಳು ಅನ್ನೋರನ್ನ ನಾನಂತೂ ಒಪ್ಪಲ್ಲ. ಅದೇ ಸೀರೆಯನ್ನು ‘ಹೊಸದರಂತಿದೆ’ ಅಂತ ಆನ್‌ಲೈನ್‌ನಲ್ಲಿ ಮಾರಿದರೆ? ದಾರ ಅದೇ, ಹೊಲಿಗೆಯೂ ಅದೇ. ಆದರೆ ಬಿಚ್ಚಿಕೊಂಡ ದಿನ ತಲೆ ತಗ್ಗಿಸುವವರು ಬೇರೆ ಯಾರೋ.

ಕೋಡಿಗೆ ತೇಪೆ ಹಾಕುವ ನಮಗೂ ಇದು ಗೊತ್ತಿರೋ ವಿಷಯವೇ. ಬಳಸುವವರಿಗೆ ತೇಪೆ ಕಾಣದಿದ್ದರೆ ಒಳ್ಳೇದು. ನಾಳೆ ಆ ಕೋಡನ್ನು ನೋಡಿಕೊಳ್ಳಬೇಕಾದ ಹೊಸ ಹುಡುಗಿಗೂ ಕಾಣಬಾರದಾ?